ಎಸ್ಟಿಮೇಟ್ ಶೇ. 82 ಬಂದರೂ ‘ಟೋಟಲ್ ಲಾಸ್’ ಯಾಕಲ್ಲ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ರಾತ್ರಿ ಸಿರುಗುಪ್ಪದಿಂದ ಬರುವಾಗ ಧಡೇಸೂಗೂರು ದಾಟಿದ ಮೇಲೆ ಲೈಟೂ ಇಲ್ಲದೆ, ರೇಡಿಯಂ ಪಟ್ಟಿಯೂ ಇಲ್ಲದೆ ನಿಂತಿದ್ದ ಭತ್ತದ ಟ್ರೇಲರ್‌ಗೆ ಕಾರು ಗುದ್ದಿತು. ಎರಡೂ ಏರ್‌ಬ್ಯಾಗ್ ಬಿಚ್ಚಿಕೊಂಡವು, ದೇವರ ದಯೆ, ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. 1200 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೂರು ವರ್ಷ ಐದು ತಿಂಗಳ ಗಾಡಿ. ಪಾಲಿಸಿಯಲ್ಲಿ ಐಡಿವಿ (ಗಾಡಿಗೆ ಕಟ್ಟಿದ ವಿಮಾ ಬೆಲೆ) 5 ಲಕ್ಷ, ಜೀರೋ ಡೆಪ್ (ಭಾಗಗಳ ಸವಕಳಿ ಕಳೆಯದ ಹೆಚ್ಚುವರಿ ಕವರ್) ತಗೊಂಡಿಲ್ಲ. ಬಳ್ಳಾರಿಯ ವರ್ಕ್‌ಶಾಪ್‌ನವರು 4.10 ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದಾರೆ. ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್ (ರಿಪೇರಿ ಬಿಟ್ಟು ಐಡಿವಿ ಹಣವನ್ನೇ ಕೊಡೋದು) ಅಂತ ಎಲ್ಲರೂ ಹೇಳ್ತಾರೆ, ಹಾನಿ ಲೆಕ್ಕ ಹಾಕಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಮಾತ್ರ ‘ಇದು ರಿಪೇರಿ ಕೇಸು’ ಅಂತಿದ್ದಾರೆ. ಬ್ಯಾಂಕಿನ ಸಾಲ ಇನ್ನೂ 3.20 ಲಕ್ಷ ಇದೆ. ನಮಗೆ ಮೋಸ ಆಗ್ತಿದೆಯಾ?

ಉತ್ತರ: ನೀವು ಕೊಟ್ಟ ಅಂಕಿಗಳ ಮಟ್ಟಿಗೆ ಮೋಸವಲ್ಲ. ಆದರೆ ಗಾಡಿಯನ್ನು ಪೂರ್ತಿ ಬಿಚ್ಚಿ ನೋಡುವ ಮೊದಲೇ ಸರ್ವೇಯರ್ ‘ರಿಪೇರಿ’ ಅಂದಿದ್ದರೆ ಅದು ಅವಸರದ ಮಾತು. ಯಾಕೆ ಅನ್ನುವುದಕ್ಕೆ ಮೊದಲು ಶೇ. 75 ಅನ್ನುವ ಗೆರೆಯನ್ನು ಯಾವ ಅಂಕಿಯ ಮೇಲೆ ಎಳೆಯುತ್ತಾರೆ ಅಂತ ತಿಳಿಯಬೇಕು. ಹತ್ತರಲ್ಲಿ ಒಂಬತ್ತು ಜಗಳ ಹುಟ್ಟುವುದು ಅಲ್ಲಿಯೇ.

ನಿಮ್ಮ ಪಾಲಿಸಿಯ ಪುಟ್ಟ ಅಕ್ಷರದಲ್ಲಿರುವ ವಾಕ್ಯದ ಸಾರ ಇಷ್ಟು: ಗಾಡಿಯನ್ನು ಎತ್ತಿ ತರುವ ಖರ್ಚು ಮತ್ತು ರಿಪೇರಿ ಖರ್ಚು ಸೇರಿ, ‘ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು’, ಐಡಿವಿಯ ಶೇ. 75 ಮೀರಿದರೆ ಅದನ್ನು ಟೋಟಲ್ ಲಾಸ್ ಎಂದೇ ಪರಿಗಣಿಸಲಾಗುವುದು. ಜನ ಶೇ. 75 ಓದುತ್ತಾರೆ, ‘ಷರತ್ತುಗಳಿಗೆ ಒಳಪಟ್ಟು’ ಅನ್ನುವುದನ್ನು ಹಾರಿಸುತ್ತಾರೆ. ಕಂಪನಿಗಳೂ ಸರ್ವೇಯರ್‌ಗಳೂ ಅದನ್ನು ಓದುವುದು ಹೀಗೆ: ವರ್ಕ್‌ಶಾಪ್ ಬರೆದ ಮೊತ್ತ ಬೇರೆ, ಸವಕಳಿ (ಭಾಗ ಹಳೆಯದಾದ್ದಕ್ಕೆ ಹಿಡಿಯುವ ಮೊತ್ತ) ಕಳೆದ ಮೇಲೆ ಕಂಪನಿ ಕೊಡಬೇಕಾದ ಮೊತ್ತ ಬೇರೆ, ಎರಡನೆಯದು ಗೆರೆ ದಾಟಬೇಕು.

ಸವಕಳಿ ದರಗಳನ್ನು ಸರ್ವೇಯರ್ ತಮ್ಮ ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳು, ಟೈರು, ಬ್ಯಾಟರಿ, ಏರ್‌ಬ್ಯಾಗ್ ಎಲ್ಲಕ್ಕೂ ಶೇ. 50. ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಸವಕಳಿ ಇಲ್ಲ. ಕೂಲಿಗೂ ಇಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸು ನೋಡುತ್ತಾರೆ: ಆರು ತಿಂಗಳವರೆಗೆ ಸೊನ್ನೆ, ಒಂದು ವರ್ಷದವರೆಗೆ ಶೇ. 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಆಮೇಲೆ 50. ಪೇಂಟಿಂಗ್ ಬಿಲ್ ಒಟ್ಟಾಗಿ ಬಂದಿದ್ದರೆ ಅದರ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು, ಆ ಕಾಲು ಭಾಗಕ್ಕೆ ಮಾತ್ರ ಶೇ. 50 ಕಳೆಯುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಐಡಿವಿಗೆ ವಯಸ್ಸು ನೋಡುವುದು ಪಾಲಿಸಿ ಶುರುವಾದ ದಿನದ್ದು, ಬಿಡಿಭಾಗದ ಸವಕಳಿಗೆ ನೋಡುವುದು ಅಪಘಾತದ ದಿನದ್ದು. ನೀವು ನವೀಕರಣ ಮಾಡಿದಾಗ ಗಾಡಿಗೆ ಮೂರು ತುಂಬಿದ್ದರೆ ಷೋರೂಮ್ ಬೆಲೆಯಲ್ಲಿ ಶೇ. 30 ಕಳೆದು ಐಡಿವಿ ಕಟ್ಟಿರುತ್ತಾರೆ, ಅಂದರೆ ಸುಮಾರು 7.15 ಲಕ್ಷದ ಗಾಡಿಗೆ 5 ಲಕ್ಷ. ಮೂರು ದಾಟಿದ ಮೇಲೆ ಅಪಘಾತವಾಗಿದ್ದರಿಂದ ಲೋಹಕ್ಕೆ ಶೇ. 15 ಹೋಗಿ 25 ಬಂತು. ಐಡಿವಿ ಮಾತ್ರ ಪಾಲಿಸಿ ಮುಗಿಯುವವರೆಗೆ 5 ಲಕ್ಷವೇ. ‘ಐದು ತಿಂಗಳಾಯಿತಲ್ಲ, ಮಾರ್ಕೆಟ್ ಬೆಲೆ ಇಳಿದಿದೆ’ ಅಂತ ಯಾರಾದರೂ ಕಡಿಮೆ ಮಾಡಲು ಬಂದರೆ ಒಪ್ಪಬೇಡಿ. ಟೋಟಲ್ ಲಾಸ್ ಲೆಕ್ಕಕ್ಕೆ ಐಡಿವಿಯೇ ಮಾರ್ಕೆಟ್ ಬೆಲೆ, ಮತ್ತೆ ಸವಕಳಿ ಇಲ್ಲ.

ಈಗ ನಿಮ್ಮ 4.10 ಲಕ್ಷ. ಮುಂಭಾಗ ಗುದ್ದಿ ಏರ್‌ಬ್ಯಾಗ್ ಬಿಚ್ಚಿದ ಗಾಡಿಯ ಎಸ್ಟಿಮೇಟ್ ಸಾಮಾನ್ಯವಾಗಿ ಹೀಗೆ ಒಡೆಯುತ್ತದೆ ಅಂತ ಇಟ್ಟುಕೊಳ್ಳಿ, ನಿಮ್ಮ ಹಾಳೆಯ ಅಂಕಿ ಹಾಕಿ ಸರಿಪಡಿಸಿಕೊಳ್ಳಿ: ಲೋಹದ ಭಾಗ 1,60,000, ಪ್ಲಾಸ್ಟಿಕ್, ರಬ್ಬರ್, ಹೆಡ್‌ಲೈಟ್, ಡ್ಯಾಶ್‌ಬೋರ್ಡ್, ಏರ್‌ಬ್ಯಾಗ್ ಸೇರಿ 1,40,000, ಮುಂದಿನ ಗಾಜು 18,000, ಕೂಲಿ 52,000, ಪೇಂಟಿಂಗ್ 40,000. ಏರ್‌ಬ್ಯಾಗ್ ಬಿಚ್ಚಿತು ಅಂದರೆ ಎರಡು ಚೀಲ ಬದಲಾಯಿಸಿದರೆ ಮುಗಿಯುವುದಿಲ್ಲ. ಎಡಗಡೆಯದು ಡ್ಯಾಶ್‌ಬೋರ್ಡನ್ನೇ ಹರಿದುಕೊಂಡು ಬಂದಿರುತ್ತದೆ, ಸೀಟ್ ಬೆಲ್ಟಿನ ಬಿಗಿಗಾರ, ಸ್ಟೀರಿಂಗ್ ಒಳಗಿನ ಸುರುಳಿ ತಂತಿ, ಕಂಟ್ರೋಲ್ ಯೂನಿಟ್ ಎಲ್ಲ ಹಿಂದೆಯೇ ಬರುತ್ತವೆ. ನೋಡಲು ಬಾನೆಟ್ ಮಾತ್ರ ಮುದುಡಿದ ಗಾಡಿಯ ಎಸ್ಟಿಮೇಟ್ ನಾಲ್ಕು ಲಕ್ಷಕ್ಕೆ ಏರುವುದು ಈ ಕಾರಣಕ್ಕೆ.

ಸರ್ವೇಯರ್ ಮೊದಲು ಹಳೆಯ ಪೆಟ್ಟುಗಳನ್ನು ತೆಗೆಯುತ್ತಾರೆ. ಹಿಂದಿನ ಬಾಗಿಲಿನ ಹಳೇ ಗೀರು 12,000, ಹಿಂದಿನ ಬಂಪರ್ 6,000, ಎರಡಕ್ಕೂ ಈ ಗುದ್ದಿಗೂ ಸಂಬಂಧವಿಲ್ಲ. ಕೂಲಿಯಲ್ಲಿ 6,000 ಕತ್ತರಿಸುತ್ತಾರೆ. ಉಳಿದದ್ದಕ್ಕೆ ಸವಕಳಿ: ಲೋಹ 1,48,000ದಲ್ಲಿ ಕಾಲು ಭಾಗ ಹೋಗಿ 1,11,000. ಪ್ಲಾಸ್ಟಿಕ್ ಗುಂಪು 1,34,000 ಅರ್ಧವಾಗಿ 67,000. ಗಾಜು 18,000. ಕೂಲಿ 46,000. ಪೇಂಟಿಂಗಿನಲ್ಲಿ 5,000 ಹೋಗಿ 35,000. ಕೂಡಿದರೆ 2,77,000. ಗಾಡಿ ಎಳೆದು ತಂದ ಖರ್ಚಿಗೆ ಕಾರಿನ ಪಾಲಿಸಿಯಲ್ಲಿ ಮಿತಿ 1,500 ರೂಪಾಯಿ, ನೀವು ಎಷ್ಟೇ ಕೊಟ್ಟಿರಿ. ಒಟ್ಟು 2,78,500. ಇದು ಐಡಿವಿಯ ಶೇ. 55.7. ಗೆರೆ ಇರುವುದು 3,75,000ಕ್ಕೆ.

ಸರ್ವೇಯರ್ ‘ರಿಪೇರಿ’ ಅಂದದ್ದು ಈ ಅಂಕಿ ನೋಡಿ. ಅದರಲ್ಲಿ ಕಡ್ಡಾಯ ಕಡಿತ 1,000 (1500 ಸಿಸಿವರೆಗಿನ ಕಾರಿಗೆ, ಅದಕ್ಕೂ ದೊಡ್ಡ ಎಂಜಿನ್ನಿಗೆ 2,000) ಹೋಗಿ ಕಂಪನಿ ಕೊಡುವುದು 2,77,500.

ಅದೇ ಗಾಡಿ, ಅದೇ ಟ್ರೇಲರ್, ಅದೇ ಗುದ್ದು, ಜೀರೋ ಡೆಪ್ ಒಂದು ಇದ್ದಿದ್ದರೆ? ಸವಕಳಿ ಕಳೆಯುವಂತಿಲ್ಲ. 1,48,000, 1,34,000, 18,000, 46,000, 40,000, ಎಳೆದ ಖರ್ಚು 1,500: ಒಟ್ಟು 3,87,500. ಶೇ. 77.5. ಗೆರೆ ದಾಟಿತು, ಟೋಟಲ್ ಲಾಸ್. ಜೀರೋ ಡೆಪ್ ಅಂದರೆ ಬಂಪರ್ ಒಡೆದಾಗ ಕೈಯಿಂದ ಹಾಕುವುದು ತಪ್ಪುತ್ತದೆ ಅಂತಷ್ಟೇ ಏಜೆಂಟರು ಹೇಳುತ್ತಾರೆ. ದೊಡ್ಡ ಅಪಘಾತದಲ್ಲಿ ಗಾಡಿಯ ಹಣೆಬರಹವನ್ನೇ ಅದು ಬದಲಿಸುತ್ತದೆ ಅನ್ನುವುದನ್ನು ಹೇಳಿದವರು ಕಡಿಮೆ.

ನಿಮ್ಮ ಕೇಸಿನಲ್ಲಿ ಗೆರೆಗೂ ಅಂಕಿಗೂ ನಡುವೆ 96,500 ರೂಪಾಯಿ ಅಂತರವಿದೆ. ಅದು ದೊಡ್ಡದೇನಲ್ಲ, ಬಿಚ್ಚಿದಾಗ ತುಂಬಬಹುದು. ಮೊದಲ ಎಸ್ಟಿಮೇಟ್ ಹೊರಗಿನಿಂದ ಕಂಡದ್ದರ ಮೇಲೆ ಬರೆದದ್ದು. ಟ್ರೇಲರ್‌ನ ಹಿಂಬದಿ ಕಾರಿನ ಬಂಪರ್‌ಗಿಂತ ಎತ್ತರದಲ್ಲಿರುತ್ತದೆ. ಹಾಗಾಗಿ ಪೆಟ್ಟು ತಡೆಯಲೆಂದೇ ಇರುವ ಕೆಳಗಿನ ಬೀಮ್ ತಪ್ಪಿಸಿಕೊಂಡು, ಬಾನೆಟ್, ರೇಡಿಯೇಟರ್, ಎಂಜಿನ್ ಮೇಲ್ಭಾಗ, ಗಾಜಿನ ಕಂಬಗಳ ಬುಡ ಏಟು ತಿನ್ನುತ್ತವೆ. ಒಳಗೆ ಏನಾಗಿದೆ ಅನ್ನುವುದು ಹೊರಗಿನಿಂದ ಗೊತ್ತಾಗುವ ಜಾತಿಯ ಅಪಘಾತ ಇದಲ್ಲ.

ಹಾಗಾಗಿ ಮೊದಲ ಕೆಲಸ: ಗಾಡಿ ಬಿಚ್ಚಲು ಲಿಖಿತ ಒಪ್ಪಿಗೆ ಕೊಡಿ, ಬಿಚ್ಚಿದ ಮೇಲೆ ಸರ್ವೇಯರ್ ಮತ್ತೊಮ್ಮೆ ಬಂದು ನೋಡಬೇಕು ಅಂತ ಇಮೇಲ್ ಹಾಕಿ, ಆ ದಿನ ನೀವೂ ಹೋಗಿ ನಿಲ್ಲಿ. ಬಂಪರ್, ಬಾನೆಟ್, ರೇಡಿಯೇಟರ್ ಹೊರಗೆ ಬಂದ ಮೇಲೆ ಎಂಜಿನ್ನಿನ ಎರಡೂ ಬದಿ ಮುಂದಕ್ಕೆ ಚಾಚಿದ ಉದ್ದನೆಯ ಉಕ್ಕಿನ ಕಾಲುಗಳು ಕಾಣುತ್ತವೆ. ಅವುಗಳ ಮೇಲೆ ಬೆರಳು ಆಡಿಸಿ. ಕಾರ್ಖಾನೆಯಲ್ಲೇ ಒತ್ತಿದ ಗೆರೆಗಳು ಎರಡೂ ಬದಿ ಒಂದೇ ಥರ ಇರುತ್ತವೆ. ಒಂದು ಬದಿ ಮಾತ್ರ ಸುಕ್ಕು ಇದ್ದರೆ, ಬಣ್ಣ ಚಕ್ಕೆ ಎದ್ದಿದ್ದರೆ ಕಾಲು ಮಡಚಿದೆ. ಆಮೇಲೆ ಅಳತೆ ಪಟ್ಟಿಯಲ್ಲಿ ಬಲ ಶಾಕ್ ಅಬ್ಸಾರ್ಬರ್ ಬುರುಡೆಯ ಬೋಲ್ಟಿನಿಂದ ಎಡ ಕಾಲಿನ ತುದಿಯ ತೂತಿಗೆ, ಎಡದಿಂದ ಬಲಕ್ಕೆ, ಕತ್ತರಿ ಹಾಕಿದಂತೆ ಅಳೆಯಲು ಹೇಳಿ. ಎರಡೂ ಒಂದೇ ಬರಬೇಕು. ಐದಾರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂಭಾಗವೇ ಓರೆಯಾಗಿದೆ, ಅದು ಬೆಂಚಿನ ಮೇಲೆ ಎಳೆಯುವ ಕೆಲಸ, ಕೂಲಿ ಬೇರೆ. ಡ್ರೈವರ್ ಬಾಗಿಲು ತೆರೆದು ನಿಧಾನ ಮುಚ್ಚಿ ನೋಡಿ: ಮೊದಲು ಸಲೀಸಾಗಿ ಕೂರುತ್ತಿದ್ದ ಬಾಗಿಲು ಈಗ ಎತ್ತಿ ತಳ್ಳಿದರೆ ಮಾತ್ರ ಕೂರುತ್ತದೆ ಅಂದರೆ ಗಾಜಿನ ಕಂಬ ಸರಿದಿದೆ. ಗೇರ್‌ಬಾಕ್ಸ್ ಅಲ್ಯುಮಿನಿಯಂ ಕವಚದಲ್ಲಿ, ಎಂಜಿನ್ ಮೌಂಟಿಂಗ್ ಕಿವಿಗಳ ಬುಡದಲ್ಲಿ ಬಿರುಕಿದೆಯೇ ಅಂತ ಟಾರ್ಚ್ ಬಿಟ್ಟು ನೋಡಿಸಿ. ಮುಂದಿನ ಸಬ್‌ಫ್ರೇಮ್, ಎಸಿ ಕಂಪ್ರೆಸರ್, ವೈರಿಂಗ್ ಕಟ್ಟು, ಇವು ಸಾಮಾನ್ಯವಾಗಿ ಎರಡನೇ ಎಸ್ಟಿಮೇಟಿನಲ್ಲೇ ಸೇರುವವು. ಲೋಹದ ಭಾಗಗಳಲ್ಲಿ ಸುಮಾರು 1.3 ಲಕ್ಷ ಹೆಚ್ಚಾದರೆ ನಿಮ್ಮ ಗಾಡಿ ಗೆರೆ ದಾಟುತ್ತದೆ. ಕೂಲಿಗೆ ಸವಕಳಿ ಇಲ್ಲದ್ದರಿಂದ ಅದಕ್ಕೂ ಕಡಿಮೆಯಲ್ಲೇ ದಾಟಬಹುದು.

ಬಾಡಿ ಶೆಲ್ ಪೂರ್ತಿ ಬದಲಾಯಿಸುವ ಮಾತು ಬಂದರಂತೂ ರಿಪೇರಿಯ ಆಸೆ ಬಿಡಿ. ಹೊಸ ಶೆಲ್ಲಿಗೆ ಚಾಸಿ ನಂಬರ್ ಒತ್ತಲು ಆರ್‌ಟಿಒ ಅನುಮತಿ ಬೇಕು, ಯಾವ ಕಂಪನಿಯೂ ಆ ತಂಟೆಗೆ ಮನಸಾರೆ ಹೋಗುವುದಿಲ್ಲ.

ಶೇ. 75 ಒಂದೇ ಗೆರೆಯಲ್ಲ, ಕಂಪನಿಯ ಮೇಜಿನ ಮೇಲೆ ಇನ್ನೊಂದು ಲೆಕ್ಕವೂ ನಡೆಯುತ್ತಿರುತ್ತದೆ: ಗುಜರಿ ಬೆಲೆ. ಸರ್ವೇಯರ್ ಗಾಡಿಯ ಫೋಟೋಗಳನ್ನು ಹರಾಜು ಪೋರ್ಟಲ್‌ಗೆ ಹಾಕಿ ‘ಇದ್ದ ಸ್ಥಿತಿಯಲ್ಲಿ’ ಎಷ್ಟಕ್ಕೆ ಹೋಗುತ್ತದೆ ಅಂತ ಕೇಳುತ್ತಾರೆ. ಬೆಂಗಳೂರು, ಹೈದರಾಬಾದ್ ಖರೀದಿದಾರರು ಕೂತಲ್ಲೇ ಬಿಡ್ ಹಾಕುತ್ತಾರೆ. ನಿಮ್ಮ ಗಾಡಿಗೆ 1.90 ಲಕ್ಷ ಬಂತು ಅನ್ನಿ. ಟೋಟಲ್ ಮಾಡಿದರೆ ಕಂಪನಿಗೆ 4,99,000ದಲ್ಲಿ (ಐಡಿವಿಯಲ್ಲಿ ಕಡ್ಡಾಯ ಕಡಿತ 1,000 ಕಳೆದದ್ದು) 1,90,000 ಹೋಗಿ 3,09,000 ತಗಲುತ್ತದೆ. ರಿಪೇರಿಗೆ 2,77,500. ರಿಪೇರಿಯೇ ಅಗ್ಗ. ಅದೇ ಬಿಡ್ 2.40 ಲಕ್ಷ ಬಂದರೆ 2,59,000ಕ್ಕೆ ಇಳಿಯಿತು, ಆಗ ಶೇ. 75 ದಾಟದಿದ್ದರೂ ಅವರೇ ಫೋನ್ ಮಾಡಿ ‘ನೆಟ್ ಆಫ್ ಸಾಲ್ವೇಜ್’ ಮುಗಿಸೋಣ ಅನ್ನುತ್ತಾರೆ. ಅಂದರೆ ಅವರು 2,59,000 ಕೊಡುತ್ತಾರೆ, ಗಾಡಿ ನಿಮ್ಮ ಹತ್ತಿರವೇ, ನೀವು 2.40ಕ್ಕೆ ಮಾರಿಕೊಳ್ಳಿ. ಗೆರೆಯ ಕೆಳಗಿನ ಕೇಸಿನಲ್ಲಿ ಇದು ನಿಮ್ಮ ಒಪ್ಪಿಗೆಯಿದ್ದರೆ ಮಾತ್ರ ಆಗುವ ವ್ಯವಹಾರ.

ಅಂಥ ಕರೆ ಬಂದರೆ ನಿಮ್ಮ ಜಾಗದಲ್ಲಿ ಯೋಚಿಸುವವರು ಒಪ್ಪಬಹುದು ಅನ್ನುವುದು ನನ್ನ ಅಭಿಪ್ರಾಯ. ರಿಪೇರಿ ದಾರಿಯಲ್ಲಿ ಸವಕಳಿ, ಕಡಿತ, ಕೂಲಿಯ ವ್ಯತ್ಯಾಸ ಎಲ್ಲ ಸೇರಿ ಸುಮಾರು 1.16 ಲಕ್ಷ ನಿಮ್ಮ ಜೇಬಿನಿಂದ ಹೋಗುತ್ತದೆ (ಹಳೇ ಗೀರು ಸರಿಪಡಿಸುವುದನ್ನು ಬಿಟ್ಟು), ಮೇಲೆ ಸಾಲದ ಕಂತು ನಿಲ್ಲುವುದಿಲ್ಲ, ಮಾರುವಾಗ ‘ಏರ್‌ಬ್ಯಾಗ್ ಬಿಚ್ಚಿದ ಗಾಡಿ’ ಅನ್ನುವ ಮಾತು ಅಂಟಿಕೊಳ್ಳುತ್ತದೆ. ಇನ್ನೊಂದು ಕಡೆ 2,59,000 ಮತ್ತು 2,40,000 ಸೇರಿ 4,99,000, ಸಾಲ ತೀರಿಸಿ 1.79 ಲಕ್ಷ ಕೈಗೆ. ಆದರೆ ಆ 2.40 ಲಕ್ಷದ ಬಿಡ್ ಎಷ್ಟು ದಿನ ಚಾಲ್ತಿ ಅಂತ ಬರವಣಿಗೆಯಲ್ಲಿ ತೆಗೆದುಕೊಂಡ ಮೇಲೆಯೇ ಸಹಿ ಹಾಕಿ. ಬಿಡ್‌ಗಳಿಗೆ ಅವಧಿ ಇರುತ್ತದೆ. ನೀವು ಬ್ಯಾಂಕಿನ ಎನ್‌ಒಸಿಗಾಗಿ ಓಡಾಡುವಷ್ಟರಲ್ಲಿ ಖರೀದಿದಾರ ‘ಈಗ 2 ಲಕ್ಷಕ್ಕೆ ಆಗುತ್ತೆ’ ಅಂದರೆ ನಷ್ಟ ನಿಮ್ಮದು, ವರ್ಕ್‌ಶಾಪಿನ ದಿನದ ಪಾರ್ಕಿಂಗ್ ಬಾಡಿಗೆ ಬೇರೆ.

ಬಿಡ್ 1.90ರಲ್ಲೇ ನಿಂತರೆ? ಆಗಲೂ ನೀವೇ ‘ಕ್ಯಾಶ್ ಲಾಸ್’ ಕೇಳಬಹುದು: ರಿಪೇರಿ ಮಾಡಿಸದೆ, ಅವರ ಲೆಕ್ಕದ ಹಣವನ್ನೇ ತೆಗೆದುಕೊಂಡು ಗಾಡಿಯನ್ನು ಇದ್ದ ಹಾಗೆ ಮಾರುವುದು. ಬಿಲ್ ಇಲ್ಲದ್ದರಿಂದ ಜಿಎಸ್‌ಟಿ ಕಳೆಯುತ್ತಾರೆ, 2,77,500 ಎಂಬುದು ಸುಮಾರು 2.35 ಲಕ್ಷಕ್ಕೆ ಇಳಿಯುತ್ತದೆ. ಗುಜರಿ ಸೇರಿಸಿ 4.25 ಲಕ್ಷ, ಸಾಲ ಹೋಗಿ ಒಂದು ಲಕ್ಷ ಚಿಲ್ಲರೆ ಉಳಿಯುತ್ತದೆ. ಗಾಡಿಯ ಮೇಲೆ ಮನಸ್ಸು ಮುರಿದಿದ್ದರೆ ಇದೂ ಒಂದು ದಾರಿ. ಕಾಲುಗಳು ನೆಟ್ಟಗಿದ್ದು ಅಳತೆ ಸರಿ ಬಂದರೆ ರಿಪೇರಿ ಮಾಡಿಸುವುದೇ ಒಳ್ಳೆಯದು.

ರಿಪೇರಿಗೆ ಹೋದರೆ ತೆಗೆದ ಹಳೇ ಭಾಗಗಳನ್ನು ಮರುಪರಿಶೀಲನೆ ಆಗುವವರೆಗೆ ಬಿಸಾಡಲು ಬಿಡಬೇಡಿ, ಅವು ಇಲ್ಲದಿದ್ದರೆ ಸರ್ವೇಯರ್ ಆ ಭಾಗದ ಹಣ ಹಿಡಿಯುತ್ತಾರೆ. ಗಾಡಿ ತರುವಾಗ ಏರ್‌ಬ್ಯಾಗ್ ದೀಪ ನೋಡಿ. ಇಗ್ನಿಷನ್ ಆನ್ ಮಾಡಿದಾಗ ಅದು ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಿಯೇ ಇದ್ದರೆ ದೋಷ ಇದೆ. ಹೊತ್ತಲೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು, ದೀಪವನ್ನೇ ಕಟ್ ಮಾಡಿದ್ದಾರೆ. ಹೊಸ ಏರ್‌ಬ್ಯಾಗ್ ಹಾಕದೆ ಒಂದು ರೆಸಿಸ್ಟರ್ ಬೆಸೆದು ದೀಪವನ್ನು ಸುಮ್ಮನಾಗಿಸುವ ಕೆಟ್ಟ ಚಾಳಿಯೂ ಇದೆ. ದೀಪ ಸರಿಯಾಗಿ ಹೊತ್ತಿ ಆರುತ್ತದೆ, ಚೀಲ ಮಾತ್ರ ಒಳಗಿಲ್ಲ. ಅದಕ್ಕೆ ಏರ್‌ಬ್ಯಾಗಿನ ಪಾರ್ಟ್ ನಂಬರ್ ಇರುವ ಬಿಲ್, ಜೋಡಿಸುವಾಗಿನ ಫೋಟೋ, ಸ್ಕ್ಯಾನರ್ ರಿಪೋರ್ಟ್ ಮೂರನ್ನೂ ಕೇಳಿ. ವೀಲ್ ಅಲೈನ್‌ಮೆಂಟ್ ಪ್ರಿಂಟ್ ಕೂಡ.

ಟೋಟಲ್ ಆದರೆ ಹಣ ಮೊದಲು ಬ್ಯಾಂಕಿಗೆ, ಉಳಿದದ್ದು ನಿಮಗೆ. ಸಾಲವೇ ಐಡಿವಿಗಿಂತ ಹೆಚ್ಚಿರುವವರು ಉಳಿದದ್ದನ್ನು ಕೈಯಿಂದ ಕಟ್ಟಬೇಕು, ಗಾಡಿ ಹೋದರೂ ಸಾಲ ಹೋಗುವುದಿಲ್ಲ. ಪ್ರೀಮಿಯಂ ಉಳಿಸಲು ಐಡಿವಿ ಕಡಿಮೆ ಮಾಡಿಸುವವರು ಈ ಗುಂಡಿಗೆ ಬೀಳುತ್ತಾರೆ: ಗೆರೆ ಬೇಗ ದಾಟುತ್ತದೆ, ಬರುವ ಹಣ ಕಡಿಮೆ.

ಟ್ರ್ಯಾಕ್ಟರ್, ಲಾರಿ, ಅದಿರಿನ ಟಿಪ್ಪರ್ ಇಟ್ಟವರಿಗೆ ಒಂದು ಮಾತು. ವಾಣಿಜ್ಯ ವಾಹನದ ಪಾಲಿಸಿಯಲ್ಲಿ ಲೈಟು, ಟೈರು, ಮಡ್‌ಗಾರ್ಡ್, ಬಾನೆಟ್ ಬದಿಗಳು, ಬಂಪರ್, ಪೇಂಟಿಂಗ್ ಇವಕ್ಕೆ ಗಾಡಿ ಟೋಟಲ್ ಆದಾಗ ಮಾತ್ರ ಹಣ. ಭಾಗಶಃ ಹಾನಿಯಲ್ಲೂ ಬೇಕೆಂದರೆ ಐಎಂಟಿ 23 ಎಂಬ ಹೆಚ್ಚುವರಿ ಕವರ್ ಕಟ್ಟಿರಬೇಕು. ಅದಿಲ್ಲದ ಲಾರಿಯ ಕ್ಯಾಬಿನ್ ಮುಂಭಾಗ ಪೂರ್ತಿ ಹೋದರೂ ಲೆಕ್ಕ ಗೆರೆಯ ಹತ್ತಿರ ಬರುವುದು ಕಷ್ಟ. ನೀರು ನುಗ್ಗಿದ ಕೇಸು ಇನ್ನೊಂದು ಬಗೆ: ತುಂಗಭದ್ರೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆಯ ಆಸುಪಾಸು ಸಿಕ್ಕಿಕೊಂಡ ಗಾಡಿಯನ್ನು ಸ್ಟಾರ್ಟ್ ಮಾಡಿದಿರೋ, ಎಂಜಿನ್ ಒಳಗೆ ಹೋದ ನೀರು ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ, ಎಂಜಿನ್ ಪ್ರೊಟೆಕ್ಟ್ ಕವರ್ ಇಲ್ಲದಿದ್ದರೆ ಅದನ್ನು ‘ನಂತರ ಆದ ಹಾನಿ’ ಅಂತ ಹೊರಗಿಡುತ್ತಾರೆ, ಶೇ. 75ರ ಲೆಕ್ಕಕ್ಕೂ ಸೇರಿಸುವುದಿಲ್ಲ.

ಇನ್ನು ನಿಮ್ಮ ಜೇಬಿನಿಂದ ಹೋಗುವ 1.16 ಲಕ್ಷ. ಕತ್ತಲಲ್ಲಿ ಲೈಟಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ ಟ್ರೇಲರ್‌ನ ಮಾಲೀಕರೂ, ವಿಮೆಯಿದ್ದರೆ ಅದರ ಕಂಪನಿಯೂ ಇದಕ್ಕೆ ಹೊಣೆ ಆಗಬಹುದು. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಆಸ್ತಿ ನಷ್ಟಕ್ಕೂ ಅರ್ಜಿ ಹಾಕಬಹುದು, ನಿಮ್ಮ ವಿಮೆಯಿಂದ ಬಾರದ ಭಾಗವನ್ನು ಕೇಳಬಹುದು. ಎಫ್‌ಐಆರ್, ಸ್ಥಳ ಪಂಚನಾಮೆ, ಟ್ರೇಲರ್ ನಂಬರ್ ಇರುವ ಫೋಟೋ ಬೇಕು. ಅಪಘಾತವಾದ ಆರು ತಿಂಗಳೊಳಗೆ ಹಾಕಿ. ಟ್ರ್ಯಾಕ್ಟರ್‌ಗೆ ವಿಮೆ ಇದ್ದು ಟ್ರೇಲರ್‌ಗೆ ಇಲ್ಲದ ಜೋಡಿಗಳು ನಮ್ಮ ಕಡೆ ಬೇಕಾದಷ್ಟಿವೆ, ಎರಡರ ಕಾಗದವನ್ನೂ ವಕೀಲರಿಗೆ ತೋರಿಸಿ.

ಕಂಪನಿಯ ಗಡುವುಗಳೂ ಗೊತ್ತಿರಲಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ನಿರ್ಧಾರ. ಲೆಕ್ಕದ ಹಾಳೆಯನ್ನು, ಅಂದರೆ ಯಾವ ಭಾಗಕ್ಕೆ ಎಷ್ಟು ಒಪ್ಪಿದರು, ಎಷ್ಟು ಕಳೆದರು ಅನ್ನುವುದನ್ನು, ಇಮೇಲ್‌ನಲ್ಲಿ ಕೇಳಿ. ಅದರಲ್ಲಿ ಎರಡು ಕಡೆ ಕಣ್ಣಿಡಿ: ಲೋಹದ ಭಾಗವನ್ನು ಪ್ಲಾಸ್ಟಿಕ್ ಗುಂಪಿಗೆ ಹಾಕಿ ಅರ್ಧ ಕತ್ತರಿಸಿದ್ದಾರೆಯೇ, ಪೂರ್ತಿ ಪೇಂಟಿಂಗ್ ಬಿಲ್ಲಿಗೇ ಶೇ. 50 ಕಳೆದಿದ್ದಾರೆಯೇ. ಎರಡೂ ಆಗುವ ತಪ್ಪುಗಳೇ. ತಿದ್ದದಿದ್ದರೆ ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಅಥವಾ ಸಹಾಯವಾಣಿ 155255, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗವೂ ಇದೆ, ಕಾಲಮಿತಿ ಎರಡು ವರ್ಷ. ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ.

ಕೊನೆಗೆ ಗಾಡಿ ಟೋಟಲ್ ಆಗಲಿ, ನೆಟ್ ಆಫ್ ಸಾಲ್ವೇಜ್ ಆಗಲಿ, ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಡಬೇಡಿ. ‘ಸಾರ್, ಎಲ್ಲರೂ ಹೀಗೇ ಕೊಡೋದು’ ಅನ್ನುತ್ತಾರೆ. ಕೊಳ್ಳುವವರ ಹೆಸರು, ತಾರೀಖು, ವಿಳಾಸ ತುಂಬಿದ ಮೇಲೆಯೇ ಸಹಿ, ಜೊತೆಗೆ ಸಮಯ ಬರೆದ ಡೆಲಿವರಿ ನೋಟ್, ಅವರ ಗುರುತಿನ ಚೀಟಿಯ ಪ್ರತಿ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಗಾಡಿಯನ್ನು ಯಾರೋ ಎಲ್ಲೋ ಕಟ್ಟಿ ನಿಲ್ಲಿಸಿ ಓಡಿಸಿ ಅಪಘಾತ ಮಾಡಿದರೆ ನೋಟಿಸ್ ಬರುವುದು ಸಿಂಧನೂರಿಗೆ. ಓಡಿಸಲಾರದಷ್ಟು ಹಾಳಾದ ಗಾಡಿಯಾದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. ನಿಮ್ಮದು ಕೆಎ 36 ಆಗಿದ್ದರೆ ಅರ್ಜಿ ರಾಯಚೂರು ಕಚೇರಿಗೆ. ಫಾಸ್ಟ್ಯಾಗ್ ಗಾಜಿನ ಮೇಲೇ ಉಳಿದಿರುತ್ತದೆ, ಅದನ್ನೂ ಗಾಡಿ ಕೊಟ್ಟ ದಿನವೇ ಬಂದ್ ಮಾಡಿಸಿ.